ಗೋಡೆಗೆ ಕೌದಿ

"ಸಾಹೇಬ್ರ, ಈ ಹಾಲ್ ಕಟ್ಟಿದಾವ್ರು ಯಾರ್ರಿ?"

ಗದಗಿನ ಒಂದು ಶಾಲೆಯ ಸಭಾಭವನದ ನಟ್ಟನಡುವೆ ನಿಂತು ಸಂಗೀತ ಮಾಸ್ತರು ಹೀಗೆ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಕಟ್ಟಿದವ ನಾನೇ. ಮಾಸ್ತರಿಗೆ ಕಣ್ಣು ಕಾಣುತ್ತಿರಲಿಲ್ಲ, ಹಾಗಾಗಿ ನನ್ನ ಮುಖ ಕೆಂಪಾದದ್ದು ಅವರಿಗೆ ಗೊತ್ತಾಗಲಿಲ್ಲ ಎಂದುಕೊಂಡೆ. ನನ್ನ ಮೌನವೇ ಅವರಿಗೆ ಎಲ್ಲವನ್ನೂ ಹೇಳಿತ್ತೆಂದು ಆಮೇಲೆ ತಿಳಿಯಿತು.

ಅವರು ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದೇ ಒಂದು ಚಪ್ಪಾಳೆ ತಟ್ಟಿದರು. ಬೆರಳು ಮಡಿಸುತ್ತ ಎಣಿಸಿದರು: ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಸದ್ದು ಅಡಗಿತು.

"ಕೇಳಿದ್ರ್ಯಾ? ನಾ ಇಲ್ಲಿ 'ಸಾ' ಹಚ್ಚಿದೆ ಅನ್ರಿ. ಅದು ಇನ್ನ ಅಡಗಿರಂಗಿಲ್ಲ, ಅದರ ಮ್ಯಾಲೆ 'ರಿ' ಬಂದು ಕುಂದರತೈತಿ. ಅದರ ಮ್ಯಾಲೆ 'ಗ'. ಹದಿನೈದು ಹುಡುಗ್ರನ್ನ ಕುಂದರಿಸಿಕೊಂಡು ನಾ ಯಾವ ಸ್ವರ ಕಲಸ್ಲಿ?"

ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇದು ಅದಾಗಿ ಐದಾರು ವರ್ಷದ ಮಾತು. ನಾನು ಬೆಟಗೇರಿಯ ನೇಕಾರರ ಮನೆಯವ. ಎಂಜಿನಿಯರಿಂಗ್ ಮುಗಿಸಿ ಗದಗಿನಲ್ಲಿ ಒಂದು ಖೋಲಿ ಹಿಡಿದು ಮನೆ, ಅಂಗಡಿ, ಗೋದಾಮಿನ ಪ್ಲ್ಯಾನ್ ಬರೆದುಕೊಂಡಿದ್ದೆ. ಶಿರಹಟ್ಟಿಗೂ ಮುಂಡರಗಿಗೂ ನಡುವೆ, ಕಪ್ಪತಗುಡ್ಡದ ಬುಡದಲ್ಲಿರುವ ಒಂದೂರಿನ ಹೈಸ್ಕೂಲಿನಿಂದ ಕರೆ ಬಂತು. ಹಳೆಯ ವಿದ್ಯಾರ್ಥಿಗಳು ವಂತಿಗೆ ಎತ್ತಿದ್ದರು. ಶಾಲೆಯ ಕಲ್ಲು ಕಟ್ಟಡದ ಪಕ್ಕಕ್ಕೆ ಒಂದು ಕಲಾಮಂದಿರ ಆಗಬೇಕು, ಸಂಗೀತ, ಚಿತ್ರಕಲೆ, ನಾಟಕ ಮೂರಕ್ಕೂ ಅದರಲ್ಲಿ ಜಾಗ ಇರಬೇಕು ಎಂಬುದು ಅವರ ಆಸೆ.

ಒಂದು ವಾರದಲ್ಲಿ ನಕ್ಷೆ ಸಿದ್ಧ ಮಾಡಿದೆ. 60 ಅಡಿ ಉದ್ದ, 30 ಅಡಿ ಅಗಲದ ಒಂದೇ ಹಾಲ್. ಒಂದು ತುದಿಗೆ ಎತ್ತರದ ಸ್ಟೇಜು, ಅದರ ಎರಡೂ ಬದಿಗೆ ಬಣ್ಣದ ಕೋಣೆ. ಮುಂದಿನ ಮುಖಕ್ಕೆ ನಾಲ್ಕು ಕಂಬ. ಅವೂ ಸಾದಾ ಕಂಬಗಳಲ್ಲ, ಲಕ್ಕುಂಡಿಯ ಗುಡಿಯಲ್ಲಿ ತಿರುಗಣಿಗೆ ಹಚ್ಚಿ ಕಡೆದಂತೆ ಕಾಣುವ ಕಲ್ಲಿನ ಕಂಬಗಳಿವೆಯಲ್ಲ, ಅವನ್ನು ಸಿಮೆಂಟಿನಲ್ಲಿ ಹೊಯ್ಯುವ ಯೋಜನೆ. ಆಡಳಿತ ಮಂಡಳಿಯವರಿಗೆ ಕಂಬಗಳು ಬಹಳ ಹಿಡಿಸಿದವು. ಹೆಡ್‌ಮಾಸ್ತರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಗ್ಯಾದರಿಂಗಿಗೆ ಭೇಷ್ ಆಗತೈತಿ" ಅಂದರು.

ನಮ್ಮ ಕಡೆ ಗ್ಯಾದರಿಂಗ್ ಅಂದರೆ ಶಾಲೆಯ ವಾರ್ಷಿಕೋತ್ಸವ. ವರ್ಷಕ್ಕೆ ಒಂದು ದಿನ. ಮುಖ್ಯ ಅತಿಥಿ, ಹಾರ, ಶಾಲು, ಬಹುಮಾನ, ಕೋಲಾಟ, ಒಂದು ನಾಟಕ. ನಾನು ಕಲಾಮಂದಿರ ಎಂದು ಬರೆದದ್ದೆಲ್ಲ ಆ ಒಂದು ದಿನಕ್ಕೆ. ಶಾಲೆ ನಡೆಯುವ ಉಳಿದ ಇನ್ನೂರು ಚಿಲ್ಲರೆ ದಿನ ಅಲ್ಲಿ ಏನಾಗಬೇಕು ಎಂದು ನಾನು ಕೇಳಿರಲಿಲ್ಲ, ಮಂಡಳಿಯವರೂ ಹೇಳಿರಲಿಲ್ಲ.

ಕೇಳಿದವರು ಸಂಗೀತ ಮಾಸ್ತರು ಒಬ್ಬರೇ. ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆದವರು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಹುಟ್ಟುಹಾಕಿ, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ನಡೆಸಿಕೊಂಡು ಬಂದ ಆ ಆಶ್ರಮ ಎಷ್ಟು ಅಂಧ ಮಕ್ಕಳ ಕೈಗೆ ಹಾರ್ಮೋನಿಯಂ, ತಬಲಾ ಕೊಟ್ಟು ಅನ್ನದ ದಾರಿ ತೋರಿಸಿತು ಎಂಬುದು ಈ ಕಡೆಯ ಮನೆಮನೆಗೂ ಗೊತ್ತು. ಅಲ್ಲಿ ಕಲಿತವರು ಊರೂರ ಶಾಲೆಗಳಲ್ಲಿ ಸಂಗೀತ ಮಾಸ್ತರರಾದರು. ನಮ್ಮ ಮಾಸ್ತರು ನಕ್ಷೆಯ ಮೇಲೆ ಕೈಯಾಡಿಸಿದರು. ಅವರಿಗೆ ಅದು ಬರಿಯ ಹಾಳೆ. "ಇದನ್ನ ನನಗ ಓದಾಕ ಬರೂದಿಲ್ಲ. ಇಂಥಾದ ಒಂದು ಹಾಲ್ ಎಲ್ಲೆರ ಕಟ್ಟಿದ್ರ ಕರಕೊಂಡ ಹೋಗ್ರಿ, ಕೇಳಿ ಹೇಳತೇನಿ" ಅಂದರು. ಹಾಗೆ ಬಸ್ಸು ಹತ್ತಿ ಗದಗಿಗೆ ಬಂದದ್ದು, ಚಪ್ಪಾಳೆ ತಟ್ಟಿದ್ದು.

ಮರಳಿ ಹೋಗುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕಾಲೇಜಿನ ಒಂದು ಪಾಠ ಕುದಿಯುತ್ತಿತ್ತು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಸದ್ದು ಉಳಿಯುವ ಹೊತ್ತು ಹೆಚ್ಚುತ್ತದೆ, ಸದ್ದು ಹೀರುವ ವಸ್ತು ಹೆಚ್ಚಿದಷ್ಟೂ ಅದು ತಗ್ಗುತ್ತದೆ. ಸಬೀನ್ ಸೂತ್ರ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಗಿಟ್ಟಿಸಿದ್ದೆ, ಹಾಲ್ ಕಟ್ಟುವಾಗ ಮರೆತಿದ್ದೆ. ಆ ಸೂತ್ರ ಹುಟ್ಟಿದ್ದು ಕೂಡ ನನ್ನಂಥವರು ಮಾಡಿದ ತಪ್ಪಿನಿಂದಲೇ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ತನ್ನ ಆವರಣದಲ್ಲಿ ಫಾಗ್ ಕಲಾ ಸಂಗ್ರಹಾಲಯವನ್ನು ಕಟ್ಟಿಸಿತು. ಅದರ ಉಪನ್ಯಾಸ ಕೋಣೆ ನೋಡಲು ಚೆಂದ, ಆದರೆ ಒಳಗೆ ಆಡಿದ ಮಾತು ಒಂದೂ ತಿಳಿಯದು. ಒಂದು ಸದ್ದು ಅಡಗಲು ಅಲ್ಲಿ ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಇದಕ್ಕೆ ಏನಾದರೂ ಮಾಡು ಎಂದು ಅಲ್ಲಿನ ತರುಣ ಭೌತಶಾಸ್ತ್ರ ಮಾಸ್ತರ ವ್ಯಾಲೇಸ್ ಸಬೀನ್‌ಗೆ ಹೇಳಿದರು. ಆತ ರಾತ್ರಿ ಊರು ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಒಂದೊಂದಾಗಿ ಹಾಸಿ, ಪ್ರತಿ ಸಲ ಸದ್ದು ಅಡಗುವ ಹೊತ್ತನ್ನು ಗಡಿಯಾರ ಹಿಡಿದು ಅಳೆದ. ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸ್ಸು ಇಟ್ಟು ಬರುತ್ತಿದ್ದ. ಮೆತ್ತೆ ಹೊತ್ತ ಆ ರಾತ್ರಿಗಳಿಂದ ಸೂತ್ರ ಹುಟ್ಟಿತು.

ಮನೆಗೆ ಬಂದು ಲೆಕ್ಕ ಹಾಕಿದೆ. 60 ಅಡಿ, 30 ಅಡಿ, 12 ಅಡಿ ಎತ್ತರ. ನಾಲ್ಕೂ ಕಡೆ ಸಿಮೆಂಟ್ ಗಿಲಾವು, ಮೇಲೆ ಸ್ಲ್ಯಾಬು, ಕೆಳಗೆ ಕಲ್ಲು. ಕಿಟಕಿ ಮುಚ್ಚಿದ ಖಾಲಿ ಕೋಣೆಯಲ್ಲಿ ಐದಾರು ಸೆಕೆಂಡು. ಅದೇ ಕೋಣೆಯಲ್ಲಿ ನೂರು ಮಕ್ಕಳು ಕೂತರೆ ಎರಡು ಸೆಕೆಂಡಿಗಿಂತ ಕಡಿಮೆ, ಏಕೆಂದರೆ ಮೈ ಮತ್ತು ಬಟ್ಟೆ ಸದ್ದನ್ನು ಹೀರುತ್ತವೆ. ಲೆಕ್ಕದ ಹಾಳೆ ಮಾಸ್ತರ ಮಾತನ್ನೇ ಇನ್ನೊಂದು ಭಾಷೆಯಲ್ಲಿ ಹೇಳುತ್ತಿತ್ತು: ನನ್ನ ಹಾಲ್ ಜನ ತುಂಬಿದ ಗ್ಯಾದರಿಂಗಿನ ದಿನ ಪಾಸು, ಹದಿನೈದು ಮಕ್ಕಳು ಕೂತು ಕಲಿಯುವ ಉಳಿದ ದಿನಗಳಲ್ಲಿ ನಾಪಾಸು. ಮಾರನೆಯ ದಿನ ನಕ್ಷೆ ಹರಿದೆ. ಕಂಬಗಳೂ ಅದರೊಂದಿಗೇ ಹೋದವು.

ಹೊಸ ನಕ್ಷೆಗೆ ಕೂರುವ ಮುಂಚೆ, ಈ ಸೀಮೆಯಲ್ಲಿ ಕಲೆ ಎಲ್ಲಿ ಬೆಳೆಯಿತು ಎಂದು ಯೋಚಿಸಿದೆ. 1870ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ, ಮರಾಠಿ ನಾಟಕಗಳ ಅಬ್ಬರದ ನಡುವೆ ಕನ್ನಡವನ್ನು ರಂಗಕ್ಕೆ ಏರಿಸಿದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, ವೃತ್ತಿಯಿಂದ ಶಾಲಾ ಮಾಸ್ತರರು. ಗದಗಿನ ಇನ್ನೊಬ್ಬ ಶಾಲಾ ಮಾಸ್ತರರ ಮಗ ಭೀಮಸೇನ ಜೋಶಿ ಹನ್ನೊಂದನೆಯ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಊರೂರು ತಿರುಗಿತು. ಮಠದ ಪಡಸಾಲೆ, ಗುಡಿಯ ಅಂಗಳ, ಕಂಪನಿಯ ತಂಬು, ಇವುಗಳಲ್ಲಿ ನಮ್ಮ ಕಲೆ ಬೆಳೆಯಿತು. ಶಾಲೆಯ ಮಾಸ್ತರರೂ ಅವರ ಮಕ್ಕಳೂ ಅದಕ್ಕೆ ಜೀವ ತೇದರು, ಆದರೆ ಶಾಲೆಯೊಳಗೆ ಅದಕ್ಕೊಂದು ಕೋಣೆ ಇರಲಿಲ್ಲ. ಈಗ ಕೋಣೆ ಕಟ್ಟುವ ದುಡ್ಡು ಬಂದಿದೆ. ಅದು ಪಡಸಾಲೆಗಿಂತ, ತಂಬುವಿಗಿಂತ ಕೆಟ್ಟದ್ದಾಗಬಾರದು. ನನ್ನ ಎದುರಿಗಿದ್ದ ಪ್ರಶ್ನೆ ಅಷ್ಟೇ.

ಒಂದು ಹಾಲ್ ಇದ್ದದ್ದು ಹೊಸ ನಕ್ಷೆಯಲ್ಲಿ ಮೂರು ಭಾಗವಾಯಿತು. ಸಂಗೀತಕ್ಕೆ 20 ಅಡಿ ಉದ್ದದ ಸಣ್ಣ ಕೋಣೆ. ಚಿತ್ರಕಲೆಗೆ ಉತ್ತರದ ಕಡೆ ದೊಡ್ಡ ಕಿಟಕಿಗಳ ಇನ್ನೊಂದು ಕೋಣೆ. ನಾಟಕಕ್ಕೆ ಕೋಣೆಯೇ ಬೇಡ. ಹಳೆಯ ಕಟ್ಟಡ ಮತ್ತು ಹೊಸದರ ನಡುವೆ ಬೇವಿನ ಮರವಿದ್ದ ಒಂದು ಅಂಗಳ ಉಳಿಯುತ್ತಿತ್ತು. ಅದಕ್ಕೆ ಪರಸಿ ಕಲ್ಲು ಹಾಸಿ, ಒಂದು ಬದಿಗೆ ಎರಡಡಿ ಎತ್ತರದ ಕಟ್ಟೆ. ಮೂರೂ ಕಡೆ ಗೋಡೆ ಇದ್ದುದರಿಂದ ಆಡಿದ ಮಾತು ಚದುರಿ ಹೋಗುತ್ತಿರಲಿಲ್ಲ, ಮೇಲೆ ಬಯಲಾದ್ದರಿಂದ ಗೊಂಯ್ ಎಂದು ಉಳಿಯುತ್ತಲೂ ಇರಲಿಲ್ಲ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಎತ್ತರದ ಪ್ರಾಕಾರದೊಳಗೆ ಕೂತು ಹಾಡು ಕೇಳಿದವರಿಗೆ ನಾನು ಹೇಳುವುದು ತಿಳಿಯುತ್ತದೆ.

ಮಂಡಳಿಯ ಸಭೆಯಲ್ಲಿ ಮೊದಲ ಪ್ರಶ್ನೆ ಸ್ಟೇಜಿನದು. ಎರಡನೆಯದು, "ಮುಖ್ಯ ಅತಿಥಿಗಳನ್ನ ಎಲ್ಲಿ ಕುಂದರಸೂದು?" ಬೇವಿನ ಮರದ ನೆರಳಿಗೆ ಅಂದೆ. ಯಾರೂ ನಗಲಿಲ್ಲ. ಕಡೆಗೆ ಹಿರಿಯರೊಬ್ಬರು, ಖರ್ಚು ಎಷ್ಟು ಇಳಿಯಿತು ಎಂದು ಕೇಳಿದರು. ಹೇಳಿದೆ. ನಕ್ಷೆ ಪಾಸಾಯಿತು. ಕಲೆಗಾಗಿ ಆಗದ ಕೆಲಸ ಉಳಿತಾಯಕ್ಕಾಗಿ ಆಯಿತು. ದಾನಿಗಳ ಹೆಸರಿನ ಕಲ್ಲು ಎಲ್ಲಿ ಕೂರಬೇಕು ಎಂಬ ಚರ್ಚೆಗೆ ಮಾತ್ರ ನಕ್ಷೆಗಿಂತ ಹೆಚ್ಚು ಹೊತ್ತು ಹಿಡಿಯಿತು.

ಕೆಲಸಕ್ಕೆ ಲಕ್ಷ್ಮೇಶ್ವರದಿಂದ ಒಬ್ಬ ಗೌಂಡಿ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಎಲ್ಲರ ಬಾಯಲ್ಲೂ ಚಾಚಾ. ಪಾಯ ತೆಗೆಯುವಾಗ ಅವರು ನನಗೆ ಮಾಡಿದ ಪಾಠ ಕಾಲೇಜಿನದಕ್ಕಿಂತ ಚೊಕ್ಕದಾಗಿತ್ತು. ಅದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆ ವರ್ಷವರ್ಷ ಏರಿ ಇಳಿಯುತ್ತದೆ. ಎರೆಯನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆದು ಹಾಕಿ, ಗರಸು ತುಂಬಿ, ನೀರು ಹೊಡೆದು ದಮ್ಮಸು ಮಾಡಿಸಿದೆವು. ಅಲ್ಲಿಯವರೆಗೆ ನಮ್ಮಿಬ್ಬರ ಮಾತು ಒಂದೇ. ಹೊಸ ಗೋಡೆಯನ್ನು ಹಳೆಯ ಗೋಡೆಗೆ ಹಲ್ಲು ಬಿಟ್ಟು ಜೋಡಿಸೋಣ ಎಂದು ನಾನು ಅಂದಾಗ ಚಾಚಾ ತಲೆ ಅಲ್ಲಾಡಿಸಿದರು.

"ಸಾಹೇಬ್ರ, ಹಳೇ ಗ್ವಾಡಿ ಇಳಿಯೂದೆಲ್ಲಾ ಇಳಿದು ಸುಮ್ಮನ ಕುಂತೈತಿ. ಹೊಸಾದು ಇನ್ನ ಇಳೀಬೇಕು. ಎರಡನೂ ಕಟ್ಟಿಹಾಕಿದ್ರ ಜಗಳ ಖರೇನ. ನಡುವ ಒಂದ ಇಂಚು ಸಂದು ಬಿಡ್ರಿ, ಇಬ್ಬರೂ ಬಾಳೇ ಮಾಡ್ತಾರ."

ಸಂದು ಬಿಟ್ಟೆವು, ಮೇಲೆ ತಗಡಿನ ಪಟ್ಟಿ ಮುಚ್ಚಿದೆವು. ಶಾಲೆಗೆ ಹೊಸ ಕೋಣೆ ಸೇರಿಸುವ ಎಷ್ಟೋ ಕಡೆ ಹಳತು ಹೊಸತು ಕೂಡುವ ಜಾಗದಲ್ಲೇ ಬಿರುಕು ಓಡಿರುವುದನ್ನು ನೀವು ನೋಡಿರುತ್ತೀರಿ. ಅಲ್ಲಿ ಚಾಚಾನಂಥವರ ಮಾತನ್ನು ಯಾರೋ ಕೇಳಿಲ್ಲ ಎಂದು ತಿಳಿಯಬೇಕು.

ಇನ್ನೊಂದು ವಿಷಯದಲ್ಲಿ ಮಾತ್ರ ಅವರು ನನ್ನ ಮಾತನ್ನು ಒಪ್ಪಲು ಮೂರು ದಿನ ತಗೊಂಡರು. ಎದುರುಬದುರು ಗೋಡೆಗಳು ಸಮಾನಾಂತರವಾಗಿದ್ದರೆ ಸದ್ದು ಚೆಂಡಿನ ಹಾಗೆ ಅತ್ತಿಂದಿತ್ತ ಪುಟಿಯುತ್ತದೆ. ಸಂಗೀತದ ಕೋಣೆಯ ಒಂದು ಗೋಡೆಯನ್ನು ಓರೆಯಾಗಿ, 20 ಅಡಿ ಉದ್ದಕ್ಕೆ 2 ಅಡಿ ಸರಿಯುವಂತೆ, ಎಳೆಯಬೇಕಿತ್ತು. ಚಾಚಾ ಬೀಡಿ ಆರಿಸಿ ಎದ್ದು ನಿಂತರು. "ಐವತ್ತು ವರ್ಷ ಕಾಟಕೋನ ಹಿಡದು ಕೆಲಸ ಮಾಡೇನಿ. ಈಗ ಸೊಟ್ಟ ಗ್ವಾಡಿ ಕಟ್ಟಿದ್ರ, ಮುದುಕಗ ಕಣ್ಣ ಹ್ವಾದುವು ಅಂತಾರ್ರಿ ಮಂದಿ." ಸಂಗೀತ ಮಾಸ್ತರು ಪಕ್ಕದಲ್ಲೇ ಕೂತಿದ್ದರು. "ಚಾಚಾ, ಕಣ್ಣ ಹೋದವರ ಸಲುವಾಗಿನ ಕಟ್ಟಾಕತ್ತೀರಿ, ಏನಾಗಂಗಿಲ್ಲ ಬಿಡ್ರಿ" ಅಂದರು. ಇಬ್ಬರೂ ನಕ್ಕರು. ಗೋಡೆ ಓರೆಯಾಗಿಯೇ ಎದ್ದಿತು.

ಸ್ಲ್ಯಾಬು ಬಿಚ್ಚಿ, ಗಿಲಾವು ಮುಗಿದ ಮೇಲೆ ಮಾಸ್ತರನ್ನು ಒಳಗೆ ಕರೆದೆ. ಚಪ್ಪಾಳೆ. ಒಂದು, ಎರಡು, ಮೂರಕ್ಕೆ ಅಡಗಿತು. ಪುಟಿಯುವ ಸದ್ದು ಇರಲಿಲ್ಲ, ಆದರೆ ಗುಂಯ್‌ಗುಡುವುದು ಇತ್ತು. ಸದ್ದು ಹೀರುವ ಹಲಗೆಗಳನ್ನು ತರಿಸುವ ಎಂದರೆ ವಂತಿಗೆಯ ದುಡ್ಡು ತಳ ಕಂಡಿತ್ತು. ನಾನು ಸಬೀನನ ಮೆತ್ತೆಗಳ ಕತೆಯನ್ನು ಮಾಸ್ತರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೌದಿ ಆಗಂಗಿಲ್ಲೇನ್ರಿ?" ಅಂದರು.

ಕೌದಿ ಇಲ್ಲದ ಮನೆ ನಮ್ಮ ಕಡೆ ಇಲ್ಲ. ಹರಿದ ಇಳಕಲ್ ಸೀರೆ, ಸವೆದ ಧೋತರ, ಮಕ್ಕಳ ಅಂಗಿಯ ತುಂಡು, ಎಲ್ಲವನ್ನೂ ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿ ಮಾಡಿದ ಹೊದಿಕೆ. ಮಾಸ್ತರು ಪ್ರಾರ್ಥನೆಯ ವೇಳೆಗೆ ಮಕ್ಕಳಿಗೆ ಹೇಳಿದರು. ಮೂರನೆಯ ದಿನಕ್ಕೆ ಹನ್ನೊಂದು ಕೌದಿ ಬಂದವು. ಒಬ್ಬ ತಾಯಿ ತಾನೇ ಹೊತ್ತು ತಂದು, "ಇದರಾಗ ನಮ್ಮವ್ವನ ಸೀರಿ ಐತಿ, ಹಾಳ ಮಾಡಬ್ಯಾಡ್ರಿ" ಎಂದು ಹೇಳಿ ಹೋದಳು.

ಮೊದಲು ಗೋಡೆಗೆ ಮೊಳೆ ಹೊಡೆದು ಅಂಟಿಸಿದಂತೆ ತೂಗುಹಾಕಿದೆವು. ಚಪ್ಪಾಳೆ ಎರಡಕ್ಕೆ ಇಳಿಯಿತು. ಮಾಸ್ತರು ಕೌದಿಯ ಅಂಚು ಹಿಡಿದು ಗೋಡೆಯಿಂದ ಸ್ವಲ್ಪ ಈಚೆ ಎಳೆದು, ಇನ್ನೊಮ್ಮೆ ತಟ್ಟಿರಿ ಅಂದರು. ಕಿವಿಗೆ ತಿಳಿಯುವಷ್ಟು ವ್ಯತ್ಯಾಸ. ಬಟ್ಟೆಯ ಹಿಂದೆ ಗಾಳಿ ಇದ್ದರೆ ಅದು ಹೆಚ್ಚು ಹೀರುತ್ತದೆ ಎಂದು ಪುಸ್ತಕದಲ್ಲೂ ಇದೆ, ಅವರು ಪುಸ್ತಕ ಓದಿದವರಲ್ಲ. ಬಿದಿರು ಗಳಗಳನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಕಟ್ಟಿ, ಹನ್ನೊಂದೂ ಕೌದಿಗಳನ್ನು ಅದರ ಮೇಲೆ ಇಳಿಬಿಟ್ಟೆವು. ಮಾಸ್ತರು ಹಾರ್ಮೋನಿಯಂ ತರಿಸಿಕೊಂಡು 'ಸಾ' ಹಚ್ಚಿದರು, ನಿಲ್ಲಿಸಿದರು, ಕಿವಿಗೊಟ್ಟರು. "ಈಗ ನೋಡ್ರಿ, 'ಸಾ' ಹೇಳಿದ್ದ ಕೇಳಿ ಹೊಳ್ಳಿ ಹ್ವಾದ" ಅಂದರು.

ಚಿತ್ರಕಲೆಯ ಕೋಣೆಯ ವಿಷಯದಲ್ಲಿ ನಾನು ಹಣೆ ಚಚ್ಚಿಕೊಳ್ಳಬೇಕಾಯಿತು. ಚಿತ್ರ ಬರೆಯುವವರಿಗೆ ಉತ್ತರದ ಬೆಳಕು ಒಳ್ಳೆಯದು, ಬಿಸಿಲು ಬೀಳದೆ ದಿನವಿಡೀ ಒಂದೇ ಸಮ ಇರುತ್ತದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಉತ್ತರಕ್ಕೆ ನಾಲ್ಕು ದೊಡ್ಡ ಕಿಟಕಿ ಇಟ್ಟೆ. ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರವೇ ಡ್ರಾಯಿಂಗ್ ಮಾಸ್ತರು ಹೇಳಿ ಕಳಿಸಿದರು: ಮುಂಜಾನೆ ಮಕ್ಕಳ ಹಾಳೆಯ ಮೇಲೆ ಬಿಸಿಲ ಕೋಲು ಬೀಳುತ್ತಿದೆ. ಹೋಗಿ ನೋಡಿದರೆ ನಿಜ. ಆ ಪುಸ್ತಕಗಳು ಯುರೋಪಿನವು. ಗದಗ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸೂರ್ಯ ಉತ್ತರಕ್ಕೆ 23.4 ಡಿಗ್ರಿಯವರೆಗೂ ಸರಿಯುತ್ತಾನೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಮ್ಮಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ನಡುಹಗಲಿನದನ್ನು ಸಜ್ಜಾ ತಡೆಯುತ್ತದೆ, ಮುಂಜಾನೆ ಸಂಜೆ ಓರೆಯಾಗಿ ಬರುವುದನ್ನು ತಡೆಯುವುದಿಲ್ಲ. ಪ್ರತಿ ಕಿಟಕಿಯ ಎರಡೂ ಪಕ್ಕಕ್ಕೆ ಎರಡಡಿಯ ನಿಲುವು ಗೋಡೆ ಎಬ್ಬಿಸಿ ಸರಿಮಾಡಿದೆ. ಖರ್ಚು ನನ್ನ ಫೀಜಿನಿಂದ.

ನಾಚಿಕೆಯಾದದ್ದು ಖರ್ಚಿಗಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ಅಪ್ಪನ ಕುಣಿಮಗ್ಗ ಬೆಳಕಿಂಡಿಯ ಕೆಳಗೆ ಇತ್ತು. ಮುಂಗಾರು ಶುರುವಾಗುವ ಹೊತ್ತಿಗೆ ಅಪ್ಪ ಬೆಳಕಿಂಡಿಯ ಒಂದು ಪಕ್ಕಕ್ಕೆ ಹಲಗೆ ಓರೆಯಾಗಿ ಇಡುತ್ತಿದ್ದ, ದೀಪಾವಳಿಗೆ ತೆಗೆಯುತ್ತಿದ್ದ. ಎಳೆಯ ಮೇಲೆ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ, ಹರಿದ ಎಳೆ ಕಾಣುವುದಿಲ್ಲ ಎಂದು ಹೇಳುತ್ತಿದ್ದ. ಇಪ್ಪತ್ತು ವರ್ಷ ಅದನ್ನು ನೋಡಿದವ ನಾನು. ಓದಿದ್ದು ನೆನಪಿತ್ತು, ಕಂಡದ್ದು ಮರೆತಿತ್ತು.

ಅಂಗಳದ ನೆಲವನ್ನು ಮಾತ್ರ ಮಕ್ಕಳೇ ಮಾಡಿದರು. ಡ್ರಾಯಿಂಗ್ ಮಾಸ್ತರು ಅವರನ್ನು ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಕರೆದೊಯ್ದು ದೊಡ್ಡಬಸಪ್ಪನ ಗುಡಿ ತೋರಿಸಿದ್ದರು. 12ನೆಯ ಶತಮಾನದ ಆ ಗುಡಿಯ ತಳ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ನಡುವಿನ ಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಬರೆದರೆ ಆ ಆಕಾರ ಬರುತ್ತದೆ. ಮಕ್ಕಳು ಬೇವಿನ ಮರದ ಪಕ್ಕ ಗೂಟ ಹುಗಿದು, ಹಗ್ಗ ಕಟ್ಟಿ, ಸುಣ್ಣದ ಪುಡಿಯಿಂದ ಅದನ್ನು ಬರೆದರು. ಎರಡು ಸಲ ತಪ್ಪಿತು. ಮೂರನೆಯ ಸಲ ಚಾಚಾ ಬಂದು ಹಗ್ಗದ ಇನ್ನೊಂದು ತುದಿ ಹಿಡಿದರು. ಆ ಗೆರೆಗಳ ಮೇಲೆಯೇ ಪರಸಿ ಕತ್ತರಿಸಿ ಹಾಸಿದೆವು. ಸಿಮೆಂಟಿನ ಲಕ್ಕುಂಡಿ ಕಂಬಕ್ಕೂ ಈ ನೆಲಕ್ಕೂ ಇರುವ ಅಂತರ ನನಗೆ ಅಂದು ತಿಳಿಯಿತು: ಕಂಬದಲ್ಲಿ ನಾನು ಹಳೆಯವರ ಕೆಲಸದ ಹೊರರೂಪವನ್ನು ಕದಿಯಹೊರಟಿದ್ದೆ, ಮಕ್ಕಳು ಅವರ ಲೆಕ್ಕವನ್ನು ಕಲಿತುಕೊಂಡರು.

ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರ್ 17ರಂದು ತೀರಿಕೊಂಡಾಗ ಗದಗಿನ ಜನಸಾಗರದ ನಡುವೆ ಸಂಗೀತ ಮಾಸ್ತರನ್ನು ಕೈಹಿಡಿದು ನಡೆಸಿದ್ದು ನಾನೇ. ಅದಾಗಿ ಕೆಲವು ವರ್ಷಕ್ಕೆ ಅವರು ನಿವೃತ್ತರಾದರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ವಾರಕ್ಕೆ ಎರಡು ದಿನ ಅವರೇ ಬಸ್ಸಿನಲ್ಲಿ ಬಂದು ಕಲಿಸಿ ಹೋಗುತ್ತಾರೆ. ಓರೆ ಗೋಡೆ ನಿಂತಿದೆ, ಸಂದಿನಲ್ಲಿ ಬಿರುಕಿಲ್ಲ, ಕೌದಿಗಳು ಎರಡು ಸಲ ಬದಲಾಗಿವೆ. ಅವ್ವನ ಸೀರೆ ಇದ್ದ ಕೌದಿಯನ್ನು ಆ ತಾಯಿಗೆ ತೊಳೆದು ಮರಳಿಸಿದರು.

ನಿಮ್ಮೂರ ಶಾಲೆಯಲ್ಲೂ ಒಂದು ಕಲಾಮಂದಿರ ಏಳುತ್ತಿರಬಹುದು. ನಕ್ಷೆಗೆ ಸಹಿ ಹಾಕುವ ಮುಂಚೆ ಎಂಜಿನಿಯರನನ್ನು ಅವನೇ ಕಟ್ಟಿದ ಖಾಲಿ ಹಾಲಿಗೆ ಕರೆದುಕೊಂಡು ಹೋಗಿ, ಸಂಗೀತ ಕಲಿಸುವವರನ್ನೂ ಜೊತೆಗೆ ಕರೆಯಿರಿ. ಒಂದು ಚಪ್ಪಾಳೆ ತಟ್ಟಿ, ಎಣಿಸಿ. ಎರಡು ದಾಟಿದರೆ ನಕ್ಷೆಯನ್ನು ವಾಪಸ್ಸು ಕೊಡಿ.